ಕಾಡತೂಸಿಗೆ ಹಿಡಿಯುತ್ತಿದ್ದ ಕಿಲುಬು ನಿಂತದ್ದು ಹೀಗೆ

ಗಂಗಾವತಿ ಕಡೆ ಕಾಲುವೆ ನೀರಿನ ಗದ್ದೆ ನಮ್ಮದು. ಬೆಳೆ ಕಾಯಲು ಲೈಸೆನ್ಸಿನ 12 ಬೋರ್ ಬಂದೂಕು ಇದೆ. ಎರಡು ಮಳೆಗಾಲ ಕಾಡತೂಸಿನ ಹಿತ್ತಾಳೆ ತಳಕ್ಕೆ ಹಸಿರು ಕಿಲುಬು ಹಿಡಿದು, ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂಬದಿಯ ಗೂಡಿನಲ್ಲಿ, ಸಲೀಸಾಗಿ ಕೂರುತ್ತಿರಲಿಲ್ಲ.

ಒರೆಸಿಟ್ಟೆ, ಮತ್ತೆ ಬಂತು. ಪೇಪರಿನಲ್ಲಿ ಸುತ್ತಿಟ್ಟರೂ ಅದೇ ಕಥೆ. ಎಣ್ಣೆ ಸವರಿದ್ದಂತೂ ದೊಡ್ಡ ತಪ್ಪು: ಕಿಡಿ ಹೊತ್ತಿಸುವ ತಳದ ಕ್ಯಾಪಿನೊಳಗೆ ಎಣ್ಣೆ ಇಳಿದರೆ ಮದ್ದು ಕೆಡುತ್ತದೆ, ಹಾರುವುದಿಲ್ಲ ಅಥವಾ ತಡವಾಗಿ ಹಾರುತ್ತದೆ.

ಮೂಲ ಇದ್ದದ್ದು ಕಾಡತೂಸು ಸಿಕ್ಕಿಸಿಡುವ ಚರ್ಮದ ಬೆಲ್ಟಿನಲ್ಲಿ. ಚರ್ಮ ಹದ ಮಾಡಲು ಬಳಸಿದ ಆಮ್ಲ, ತೇವ ಸಿಕ್ಕರೆ ಹಿತ್ತಾಳೆ ತಿನ್ನುತ್ತದೆ. ಬೆಲ್ಟು ತಾಗಿದ ಕಡೆ ಮಾತ್ರ ಉಂಗುರದಂತೆ ಹಸಿರು, ಉಳಿದದ್ದು ಹೊಳೆಯುತ್ತಿತ್ತು.

ಈಗ ಹೊಲದಿಂದ ಬಂದ ಕೂಡಲೇ ಮೊದಲು ಬಂದೂಕು ಖಾಲಿ ಮಾಡುತ್ತೇನೆ. ಆಮೇಲೆ ಬೆಲ್ಟಿನಿಂದ ಎಲ್ಲವನ್ನೂ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಕಂಪನಿಯ ರಟ್ಟಿನ ಪೆಟ್ಟಿಗೆ ಸಮೇತ ರಬ್ಬರ್ ವಾಷರಿನ ಬಿಗಿ ಡಬ್ಬಿಗೆ. ಜೊತೆಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್; ಬಣ್ಣ ತಿರುಗಿದ ದಿನವೇ ಹೊಸದು. ಡಬ್ಬಿ ಒಳಕೋಣೆಯ ಬೀರುವಿನಲ್ಲಿ, ಬಂದೂಕು ಬೇರೆ ಕಡೆ, ಬೇರೆ ಬೀಗ. ತಗಡಿನ ಶೆಡ್ಡು ಬೇಡವೇ ಬೇಡ, ನಮ್ಮ ಬೇಸಿಗೆಗೆ ಒಳಗೆ ಕುದಿಯುತ್ತದೆ.

ಉಬ್ಬಿದ, ಕಿಲುಬು ಕೊರೆದ ಕಾಡತೂಸುಗಳನ್ನು ಎಮರಿ ಪೇಪರಿನಲ್ಲಿ ತಿಕ್ಕಬೇಡಿ, ಬಿಚ್ಚಿ ಮದ್ದು ತೆಗೆಯಬೇಡಿ. ಲೈಸೆನ್ಸ್ ಇರುವ ಅಂಗಡಿಯಲ್ಲೋ ಪೊಲೀಸ್ ಠಾಣೆಯಲ್ಲೋ ಮೊದಲೇ ತಿಳಿಸಿ ಒಪ್ಪಿಸಿ.