ದೊಡ್ಡಮ್ಮನ ಬಳೆ ಸದ್ದು, ನನ್ನ ಮೊದಲ ಪಾಡ್‌ಕಾಸ್ಟ್

ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಹೇಳುವ ಕಥೆಗಳನ್ನು ರೆಕಾರ್ಡ್ ಮಾಡಿ ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಬೇಕಾದಾಗ ಕೇಳುವ ಕಂತುಗಳ ಆಡಿಯೋ ಕಾರ್ಯಕ್ರಮ, ಮಾಡಬೇಕು ಅಂತ ಎರಡು ವರ್ಷ ಬರೀ ಹೇಳಿಕೊಂಡು ಓಡಾಡಿದೆ. ತಿ. ನರಸೀಪುರದ ಕಡೆಯ ಹಳ್ಳಿ, ಎತ್ತಿನ ಗಾಡಿಯಲ್ಲಿ ಸಂತೆಗೆ ಹೋಗಿದ್ದು, ಗಂಡನ ಮನೆಗೆ ಬಂದ ಮೊದಲ ದಿನ ಗಾಬರಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಇಂಥವು. ಹೋದ ಡಿಸೆಂಬರಿನಲ್ಲಿ ಕೊನೆಗೂ ಕೂತೆ. ಈಗ ಎಂಟು ಕಂತು ಆಗಿದೆ. ಎಲ್ಲವೂ ಮೈಸೂರಿನ ನಮ್ಮ ಬಾಡಿಗೆ ಮನೆಯ ಚಿಕ್ಕ ರೂಮಿನಲ್ಲೇ.

ದುಡ್ಡು ಕಳೆದುಕೊಂಡದ್ದು ಮೈಕಿನಲ್ಲಿ. ವಿಡಿಯೋಗಳಲ್ಲಿ ಎಲ್ಲರ ಮುಂದೆಯೂ ಕಂಡೆನ್ಸರ್ ಮೈಕ್ ಇರುತ್ತದೆ, ಅಲ್ವಾ? ನಾನೂ ಅದನ್ನೇ ತರಿಸಿದೆ. ಅದರ ಕಿವಿ ಬಹಳ ಚುರುಕು. ದೊಡ್ಡಮ್ಮನ ಮಾತಿನ ಜೊತೆಗೆ ಫ್ರಿಜ್ಜಿನ ಗುಂಯ್, ಪಕ್ಕದ ಮನೆ ಕುಕ್ಕರಿನ ಮೂರು ವಿಷಲ್, ರಸ್ತೆ ತಿರುವಿನ ಆಟೋ ಎಲ್ಲವನ್ನೂ ಬಾಚಿಕೊಂಡು ಬಂತು. ಅರ್ಧ ಬೆಲೆಗೆ ಸ್ನೇಹಿತನಿಗೆ ಮಾರಿ, ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸುವ ಯುಎಸ್‌ಬಿ ಡೈನಮಿಕ್ ಮೈಕ್ ತಂದೆ. ಇದು ದೂರದ ಸದ್ದಿಗೆ ಅಷ್ಟಾಗಿ ಕಿವಿ ಕೊಡುವುದಿಲ್ಲ. ಆದರೆ ಬಾಯಿಗೆ ಅರ್ಧ ಗೇಣಿನಷ್ಟು ಹತ್ತಿರ ಇರಬೇಕು. ನೇರ ಮುಂದೆ ಇಟ್ಟರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ. 'ಭಾರಿ' ಅನ್ನುವುದು ದೊಡ್ಡಮ್ಮನ ಬಾಯಲ್ಲಿ ನಿಮಿಷಕ್ಕೊಂದು ಸಲ. ಮೈಕನ್ನು ಬಾಯಿಯ ಅಂಚಿಗೆ ಸ್ವಲ್ಪ ಓರೆಯಾಗಿ ತಿರುಗಿಸಿದ ಮೇಲೆ ಸರಿಹೋಯಿತು.

ಮೈಕಿಗಿಂತ ಜಾಸ್ತಿ ಕಾಡಿದ್ದು ರೂಮು. ಬರಿ ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿದರೆ ಝಣ್ ಅಂತ ವಾಪಸ್ ಬರುತ್ತಿತ್ತು. ಈ ಮಾರ್ದನಿ ಒಮ್ಮೆ ರೆಕಾರ್ಡಿಂಗಿಗೆ ಸೇರಿದರೆ ಆಮೇಲೆ ಪೂರ್ತಿ ತೆಗೆಯುವುದು ಕಷ್ಟ. ಸೌಂಡ್‌ಪ್ರೂಫ್ ಫೋಮ್ ಅಂತ ಮಾರುತ್ತಾರಲ್ಲ, ಆ ತೆಳು ಫೋಮು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಮಾರ್ದನಿಯನ್ನು ಒಂದಿಷ್ಟು ಇಳಿಸುತ್ತದೆ ಅಷ್ಟೆ. ಆ ಕೆಲಸಕ್ಕೆ ಮನೆಯಲ್ಲಿ ಹಳೇ ಕಂಬಳಿಗಳಿದ್ದವು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಎದುರು ದೊಡ್ಡಮ್ಮನನ್ನು ಕೂರಿಸಿದೆ. ಬೆನ್ನ ಹಿಂದೆ ಹಗ್ಗಕ್ಕೆ ಎರಡು ಕಂಬಳಿ, ಕಾಲ ಕೆಳಗೆ ಹಾಸಿಗೆ. "ಬಾಣಂತಿ ಕೋಣೆ ಮಾಡಿಬಿಟ್ಟೆಯಲ್ಲೋ" ಅಂದರು. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡಿದಾಗ ಮನೆ ಕೀಲಿಯನ್ನು ಅದರೊಳಗೇ ಇಡುತ್ತೇನೆ. ಇಲ್ಲದಿದ್ದರೆ ಮತ್ತೆ ಆನ್ ಮಾಡುವುದು ಮರೆತು ಹಾಲು ಒಡೆಯುತ್ತದೆ. ಒಂದು ಸಲ ಒಡೆದಿದೆ.

ಮೈಕ್ ಕಂಡ ಕೂಡಲೇ ದೊಡ್ಡಮ್ಮ ಬೇರೆಯೇ ಆಗಿಬಿಟ್ಟರು. "ಎಲ್ಲರಿಗೂ ನಮಸ್ಕಾರ, ನಾನು ಈ ದಿನ" ಅಂತ ಶಾಲೆಯ ಭಾಷಣದ ಥರ ಶುರು. ನಾನು ಬರೆದುಕೊಂಡ ಪ್ರಶ್ನೆ ಕೇಳಿದರೆ ಒಂದೇ ಸಾಲಿನ ಉತ್ತರ. ಮೂರು ದಿನ ಹೀಗೇ ಹೋಯಿತು. ನಾಲ್ಕನೇ ದಿನ ಮೊರದ ತುಂಬ ಅವರೆಕಾಯಿ ತಂದು ಮಡಿಲಿಗಿಟ್ಟೆ. ಕೈಗೆ ಕೆಲಸ ಸಿಕ್ಕಿತು, ಬಾಯಿ ತಾನಾಗಿ ಬಿಚ್ಚಿತು. ಕಾಯಿ ಸಿಡಿಯುವ ಟಪ್ ಟಪ್ ರೆಕಾರ್ಡಿಂಗಿನಲ್ಲಿ ಕೇಳುತ್ತದೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಬಳೆ ಸದ್ದು ಮಾತ್ರ ಕಿವಿಗೆ ಚುಚ್ಚುತ್ತಿತ್ತು. ಗಾಜಿನ ಬಳೆ ತೆಗೆಯಿರಿ ಅಂತ ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ಅವರೇ ಸೆರಗಿನ ತುದಿಯನ್ನು ಬಳೆಗೆ ಸುತ್ತಿಕೊಂಡರು.

ಆವತ್ತು ಐವತ್ತು ನಿಮಿಷ ಮಾತಾಡಿದರು. ಬರಗಾಲದ ವರ್ಷ ಹಸು ಮಾರಿದ ಕಥೆ. ನಾನು ಮುಂಚೆ ಕೇಳಿರಲೇ ಇಲ್ಲ. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ಮೈಕ್ ಸಿಕ್ಕಿಸಿದ್ದೆ ನಿಜ, ಸಾಫ್ಟ್‌ವೇರಿನಲ್ಲಿ ಮಾತ್ರ ಲ್ಯಾಪ್‌ಟಾಪಿನ ಸ್ವಂತ ಮೈಕೇ ಆಯ್ಕೆಯಾಗಿ ಉಳಿದಿತ್ತು! ಎರಡನೇ ಸಲ ಹೇಳಿ ಅಂದರೆ "ಹೇಳಿದೆನಲ್ಲ" ಅಂದುಬಿಟ್ಟರು. ಆ ಕಥೆ ಬಾವಿಯೊಳಗಿನ ದನಿಯಲ್ಲೇ ನನ್ನ ಹತ್ತಿರ ಇದೆ, ಹೊರಗೆ ಹಾಕಿಲ್ಲ. ಈಗ ಶುರು ಮಾಡುವ ಮುಂಚೆ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯುತ್ತೇನೆ. ಪರದೆಯ ಮೇಲೆ ಗೆರೆ ಜಿಗಿದರೆ ಸರಿಯಾದ ಮೈಕು. ಆ ಗೆರೆಗೆ ಸೊನ್ನೆಯೇ ಮೇಲಿನ ಮಿತಿ, ಜೋರಾಗಿ ನಕ್ಕಾಗಲೂ ಮಟ್ಟ ಮೈನಸ್ 6 ಡೆಸಿಬಲ್ ದಾಟದ ಹಾಗೆ ಇಟ್ಟುಕೊಳ್ಳುತ್ತೇನೆ. ಮೆತ್ತಗಿನ ದನಿಯನ್ನು ಆಮೇಲೆ ಏರಿಸಬಹುದು, ಸೊನ್ನೆ ಮುಟ್ಟಿ ಒಡೆದ ದನಿಯನ್ನು ಸರಿಮಾಡುವುದು ಆಗದ ಮಾತು. ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ನೆ ಕೂರಬೇಕು. ಆ ಖಾಲಿ ಸದ್ದು ಮುಂದೆ ಬೇಕಾಗುತ್ತದೆ.

ಎಡಿಟಿಂಗಿಗೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್. ಪುಕ್ಕಟೆ, ನನಗೆ ಸಾಕು. ಆ ಹತ್ತು ಸೆಕೆಂಡಿನ ಖಾಲಿ ಸದ್ದನ್ನು ತೋರಿಸಿ ಇದು ಗದ್ದಲದ ಮಾದರಿ ಅಂತ ಹೇಳಿಕೊಟ್ಟರೆ, ಅದರಲ್ಲಿರುವ ನಾಯ್ಸ್ ರಿಡಕ್ಷನ್ ಅನ್ನುವ ಸೌಲಭ್ಯ ಆ ಗದ್ದಲವನ್ನು ಪೂರ್ತಿ ರೆಕಾರ್ಡಿಂಗಿನಿಂದ ಸೋಸುತ್ತದೆ. ಆಸೆಬಿದ್ದು ಜಾಸ್ತಿ ಸೋಸಿದರೆ ಮನುಷ್ಯ ನೀರೊಳಗೆ ಮಾತಾಡಿದಂತೆ ಕೇಳುತ್ತದೆ. ಮೊದಲ ಕಂತಿನ ಇಪ್ಪತ್ತು ನಿಮಿಷಕ್ಕೆ ಒಂದು ಭಾನುವಾರವೆಲ್ಲ ಹಿಡಿಯಿತು. ಪ್ರತಿ ಉಸಿರು, ಪ್ರತಿ 'ಅದೇನಪ್ಪಾ', ಪ್ರತಿ ಮೌನ ಕತ್ತರಿಸಿ ಬಿಸಾಕಿದ್ದೆ. ಹೆಂಡತಿ ಕೇಳಿ, "ದೊಡ್ಡಮ್ಮ ಬಸ್ಸು ಹಿಡಿಯೋಕೆ ಓಡ್ತಾ ಇದ್ದಾರಾ?" ಅಂದಳು. ನಿಜವೇ. ಮಾತಿನ ಮಧ್ಯೆ ಅವರು ನೆನಪು ಮಾಡಿಕೊಳ್ಳುವುದು ಆ ಮೌನದಲ್ಲೇ. ಎಲ್ಲವನ್ನೂ ವಾಪಸ್ ಹಾಕಿದೆ. ಈಗ ಕೆಮ್ಮು, ಫೋನು, ನನ್ನ ಅನಗತ್ಯ ಹೂಂಗುಟ್ಟುವಿಕೆ ಮಾತ್ರ ಕತ್ತರಿಸುತ್ತೇನೆ. ಕೊನೆಗೆ ಒಟ್ಟು ದನಿಯನ್ನು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ) ತರುತ್ತೇನೆ. ಆಪಲ್‌ನವರು ಪಾಡ್‌ಕಾಸ್ಟಿಗೆ ಹೇಳುವ ಮಟ್ಟ ಇದು. ಒಂದು ಕಂತು ಜೋರು, ಇನ್ನೊಂದು ಮೆತ್ತಗೆ ಅನ್ನುವ ಗೊಡವೆ ತಪ್ಪುತ್ತದೆ. ಮಾತಿಗೆ ಮೋನೋ, ಅಂದರೆ ಎಡ ಬಲ ಅಂತಿಲ್ಲದ ಒಂದೇ ದನಿಸಾಲು, ಸಾಕು. 96 ಕೆಬಿಪಿಎಸ್ (ಸೆಕೆಂಡಿಗೆ 96 ಕಿಲೋಬಿಟ್) ಎಂಪಿ3 ಮಾಡಿದರೆ ಇಪ್ಪತ್ತು ನಿಮಿಷ ಸುಮಾರು 14 ಎಂಬಿ ಆಗುತ್ತದೆ. ಊರಿನ ಕಡೆ ನೆಟ್‌ವರ್ಕ್ ಕುಂಟುವವರಿಗೂ ಇಳಿಯುತ್ತದೆ. ಕುಗ್ಗಿಸದ ಮೂಲ ವೇವ್ ಫೈಲನ್ನು ಮಾತ್ರ ಎರಡು ಕಡೆ ಎತ್ತಿಟ್ಟಿದ್ದೇನೆ.

ಮನೆಯಲ್ಲೇ ರೇಡಿಯೋ ಸ್ಟೇಷನ್ನಾ ಅಂತ ನೆಂಟರು ನಕ್ಕರು. ಇದೇ ಮೈಸೂರಿನಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು, 'ಆಕಾಶವಾಣಿ' ಅಂತ. ಅವರಿಗೆ ಟ್ರಾನ್ಸ್‌ಮಿಟರ್ ಬೇಕಿತ್ತು. ನನಗೆ ಬೇಕಾಗಿದ್ದು ಒಂದು ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಕಂತು ಬಂದದ್ದನ್ನು ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ತಿಳಿಸುವ ಇಂಟರ್ನೆಟ್ ಪಟ್ಟಿ. ಹೋಸ್ಟಿಂಗ್ ಕೊಡುವ, ಅಂದರೆ ನಮ್ಮ ಆಡಿಯೋವನ್ನು ಇಂಟರ್ನೆಟ್ಟಿನಲ್ಲಿ ಇಟ್ಟುಕೊಳ್ಳುವ, ಒಂದು ಕಡೆ ಫೈಲ್ ಏರಿಸಿದರೆ ಅವರು ಆ ಫೀಡ್ ಕೊಡುತ್ತಾರೆ. ಅದರ ಕೊಂಡಿಯನ್ನು ಸ್ಪಾಟಿಫೈ, ಆಪಲ್ ಪಾಡ್‌ಕಾಸ್ಟ್ಸ್‌ಗೆ ಒಮ್ಮೆ ಕೊಟ್ಟರಾಯಿತು, ಮುಂದಿನ ಕಂತುಗಳು ತಾವಾಗಿ ಹೋಗುತ್ತವೆ. ಫೀಡಿನಲ್ಲಿ ಕೊಡುವ ಇಮೇಲ್ ಯಾರ ಕಣ್ಣಿಗಾದರೂ ಬೀಳಬಹುದು, ಅದಕ್ಕೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ. ನಾನು ಮಾಡಿಕೊಳ್ಳದೆ ಇವತ್ತಿಗೂ 'ನಿಮ್ಮ ಕೇಳುಗರನ್ನು ಹೆಚ್ಚಿಸುತ್ತೇವೆ' ಅನ್ನುವವರ ಕಾಟ ಅನುಭವಿಸುತ್ತಿದ್ದೇನೆ. ಭಾಷೆ ಆರಿಸುವ ಕಡೆ ಇಂಗ್ಲಿಷ್ ತೆಗೆದು ಕನ್ನಡ ಹಾಕಲು ಮರೆಯಬೇಡಿ. ಪಾಡ್‌ಕಾಸ್ಟಿನ ಮುಖಪುಟದ ಚಿತ್ರ ಚೌಕವಾಗಿರಬೇಕು, ಅಗಲ ಎತ್ತರ 3000 ಪಿಕ್ಸೆಲ್ ಇದ್ದರೆ ಒಳ್ಳೆಯದು. ಆದರೆ ಜನ ಅದನ್ನು ನೋಡುವುದು ಉಗುರಿನಷ್ಟು ಗಾತ್ರದಲ್ಲಿ. ಪಾಡ್‌ಕಾಸ್ಟಿಗೆ ನಾನು ಮೊದಲು ಇಟ್ಟ ಹೆಸರಿನ ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಇರುವೆ ಸಾಲಿನಂತೆ ಕಂಡವು. ಎರಡೇ ಪದಕ್ಕೆ ಇಳಿಸಿದೆ.

ಮೊದಲ ಕಂತನ್ನು ಕೇಳಿದವರು ನಲವತ್ತು ಜನ, ಹೆಚ್ಚುಕಮ್ಮಿ ನೆಂಟರೇ. ದೊಡ್ಡಮ್ಮ ತಮ್ಮ ದನಿ ಕೇಳಿ "ಇದು ನಮ್ಮ ಅತ್ತೆ ಮಾತಾಡಿದ ಹಾಗಿದೆ" ಅಂದರು, ಆಮೇಲೆ ಪೂರ್ತಿ ಮುಗಿಯುವ ತನಕ ಬಾಯಿ ಬಿಡಲಿಲ್ಲ.

ಈಗ ಮಳೆಗಾಲ. ಪಕ್ಕದ ಮನೆಯ ಶೀಟಿನ ಮೇಲೆ ಹನಿ ಬಿದ್ದರೆ ಯಾವ ಕಂಬಳಿಯೂ ತಡೆಯುವುದಿಲ್ಲ. ಅವರೆಕಾಯಿಯೂ ಇಲ್ಲ. ಮಳೆ ಬಿಡುವು ಕೊಟ್ಟ ರಾತ್ರಿ ಕೂರುತ್ತೇವೆ, ಕೈಗೆ ಬಿಡಿ ಮಲ್ಲಿಗೆ ಮತ್ತು ದಾರ ಕೊಟ್ಟಿದ್ದೇನೆ. ಹೂ ಕಟ್ಟುವಾಗ ಸದ್ದೇ ಬರಲ್ಲ. ಆದರೆ ದೊಡ್ಡಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾತಾಡುತ್ತಾರೆ.