ಗ್ಲೌಸ್ ಬಿಚ್ಚಿದ ಮೇಲೆ ಮುಷ್ಟಿ ಅಷ್ಟೇನೂ ಗಟ್ಟಿಯಲ್ಲ

ಬಾಕ್ಸಿಂಗ್ ಕಲಿಯೋಕೆ ಬರುವ ಹುಡುಗರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. ‘ಸಾರ್, ಹೊರಗಡೆ ಗಲಾಟೆ ಆದ್ರೆ ಇದು ವರ್ಕ್ ಆಗುತ್ತಾ?’ ಹುಡುಗನಾಗಿದ್ದಾಗ ನಾನೂ ನಮ್ಮ ಕೋಚ್‌ಗೆ ಇದನ್ನೇ ಕೇಳಿದ್ದೆ. ಅವರು ಮಾತಾಡದೆ ಸ್ಕಿಪ್ಪಿಂಗ್ ಹಗ್ಗ ಕೈಗೆ ಕೊಟ್ಟರು. ಈಗ ಮೈಸೂರಿನಲ್ಲಿ ಸಂಜೆ ಹೊತ್ತು ನಾನೇ ಹೇಳಿಕೊಡುತ್ತೇನೆ. ಹಗ್ಗ ನಾನೂ ಕೊಡುತ್ತೇನೆ, ಜೊತೆಗೆ ಉತ್ತರವನ್ನೂ ಕೊಡುತ್ತೇನೆ. ವರ್ಕ್ ಆಗುತ್ತೆ ಕಣಪ್ಪ, ಆದ್ರೆ ಕೈಗಿಂತ ಜಾಸ್ತಿ ಕಾಲು.

ನಾನು ಬಾಕ್ಸಿಂಗ್‌ಗೆ ಬಂದಿದ್ದು ಗರಡಿಮನೆಯಿಂದ. ನಮ್ಮ ಸೋದರಮಾವ ಪೈಲ್ವಾನರು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದನ್ನು ನೋಡೋಕೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಯಾರ ಎದುರು ಯಾರು ಅಂತ ಹಿರಿಯರು ಕೂತು ನೋಡಿ ತೀರ್ಮಾನ ಮಾಡುತ್ತಾರೆ. ಮೈಕಟ್ಟು, ತೂಕ, ಅನುಭವ ಎಲ್ಲಾ ಹೊಂದಬೇಕು. ಬಾಕ್ಸಿಂಗ್‌ನಲ್ಲಿ ಈ ಕೆಲಸವನ್ನು ತೂಕದ ಯಂತ್ರ ಮಾಡುತ್ತೆ. ಬೀದಿಯಲ್ಲಿ ಜೋಡಿ ಕಟ್ಟುವವರು ಯಾರೂ ಇಲ್ಲ. ಐವತ್ತೈದು ಕೆಜಿ ಹುಡುಗನ ಎದುರು ತೊಂಬತ್ತು ಕೆಜಿ ಆಳು ನಿಂತಿರುತ್ತಾನೆ, ಅವನ ಹಿಂದೆ ಇನ್ನೂ ಇಬ್ಬರು.

ನಮ್ಮೂರಿನ ವಜ್ರಮುಷ್ಟಿ ಕಾಳಗವನ್ನೇ ನೋಡಿ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ಹಾಕಿಕೊಂಡು ಇಳಿಯುತ್ತಾರೆ. ನೋಡೋಕೆ ಭಯ ಆಗುತ್ತೆ. ಆದ್ರೆ ರಕ್ತ ಚಿಮ್ಮಿದ ತಕ್ಷಣ ಕಾಳಗ ಮುಗೀತು. ಅಷ್ಟು ಉಗ್ರವಾದದ್ದಕ್ಕೂ ಎಲ್ಲಿ ನಿಲ್ಲಬೇಕು ಅನ್ನೋ ಲೆಕ್ಕ ಇದೆ. ಬಾಕ್ಸಿಂಗ್‌ಗೆ ಅಂಥ ಲೆಕ್ಕ ಬಂದಿದ್ದು ಮುಖ್ಯವಾಗಿ 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ. ಗ್ಲೌಸ್, ಮೂರು ನಿಮಿಷದ ರೌಂಡ್, ನಡುವೆ ಒಂದು ನಿಮಿಷ ವಿರಾಮ, ಬಿದ್ದವನಿಗೆ ಹತ್ತು ಎಣಿಸುವವರೆಗೆ ಸಮಯ. ಬೀದಿಯಲ್ಲಿ ಬಿದ್ದವನಿಗೆ ಯಾರು ಎಣಿಸುತ್ತಾರೆ? ಬಿದ್ದ ಮೇಲೇ ಒದೆ ಶುರುವಾಗೋದು.

ಗ್ಲೌಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಬರು ಅದನ್ನು ಎದುರಾಳಿಯ ಮುಖ ಕಾಪಾಡೋಕೆ ಹಾಕೋದು ಅಂದುಕೊಂಡಿರುತ್ತಾರೆ. ಅದು ಮೊದಲು ಕಾಪಾಡೋದು ನಿಮ್ಮ ಕೈಯನ್ನು. ಒಳಗೆ ಮೂರು ನಾಲ್ಕು ಮೀಟರ್ ಬ್ಯಾಂಡೇಜ್, ಮಣಿಕಟ್ಟು ಬಿಗಿ, ಗೆಣ್ಣುಗಳ ಮೇಲೆ ಪದರ. ಅದರ ಮೇಲೆ ಹತ್ತು ಅಥವಾ ಹನ್ನೆರಡು ಔನ್ಸ್ ಗ್ಲೌಸ್. ಹಾಗಿದ್ದಾಗ ತಲೆಗೆ ಎಷ್ಟು ಸಲ ಬೇಕಾದರೂ ಹೊಡೆಯಬಹುದು. ಬರಿಗೈಯಲ್ಲಿ ಹಣೆಗೆ ಒಂದು ಹುಕ್, ಅಂದ್ರೆ ಪಕ್ಕದಿಂದ ಬಾಗಿ ಬರೋ ಗುದ್ದು, ಬಿಟ್ಟು ನೋಡಿ, ಕಿರುಬೆರಳಿನ ಬುಡದ ಮೂಳೆ ಹೋಗುತ್ತೆ. ಡಾಕ್ಟರ್‌ಗಳು ಅದಕ್ಕೆ ‘ಬಾಕ್ಸರ್ ಫ್ರಾಕ್ಚರ್’ ಅಂತಾರೆ. ತಮಾಷೆ ಅಂದ್ರೆ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ನೇರವಾಗಿ ಗುದ್ದುವ ಬಾಕ್ಸರ್‌ಗಿಂತ ಸಿಟ್ಟಲ್ಲಿ ಗೋಡೆಗೋ ಯಾರ ತಲೆಗೋ ಗುದ್ದಿದವರಿಗೇ ಅದು ಜಾಸ್ತಿ. ನನ್ನ ಹತ್ತಿರ ಕೈ ಊದಿಸಿಕೊಂಡು ಬಂದ ಹುಡುಗರೆಲ್ಲ ಹೊರಗಡೆ ಗುದ್ದಿ ಬಂದವರೇ.

ರಿಂಗ್ ಕಲಿಸುವ ಕೆಲವು ಅಭ್ಯಾಸ ಬೀದಿಯಲ್ಲಿ ತಿರುಗಿ ಬೀಳುತ್ತವೆ. ಏಟು ತಪ್ಪಿಸೋಕೆ ತಲೆ ಬಗ್ಗಿಸಿ ಕೆಳಗೆ ಹೋಗೋದು ನಮಗೆ ರಕ್ತಗತ. ಮೊಣಕಾಲು ಬಳಸೋ ಹಾಗಿಲ್ಲ ಅಂತ ಗೊತ್ತಿರೋದರಿಂದ ಅಲ್ಲಿ ಧೈರ್ಯ. ಹೊರಗಡೆ ಬಗ್ಗಿದ ಮುಖಕ್ಕೆ ಮೊದಲು ಬರೋದೇ ಮೊಣಕಾಲು. ರಿಂಗ್‌ನಲ್ಲಿ ಸುಸ್ತಾದಾಗ ಎದುರಾಳಿಯನ್ನು ತಬ್ಬಿಕೊಂಡರೆ ರೆಫ್ರಿ ಬಂದು ಬಿಡಿಸುತ್ತಾರೆ. ಹೊರಗಡೆ ತಬ್ಬಿಕೊಂಡರೆ ಇಬ್ಬರೂ ನೆಲಕ್ಕೆ. ನೆಲದ ಮೇಲೆ ಬಾಕ್ಸಿಂಗ್ ಅನ್ನೋದೇ ಇಲ್ಲ. ಅಲ್ಲಿ ನನಗೆ ಉಸಿರು ಕೊಡೋದು ಗರಡಿಯ ಮಟ್ಟಿಯಲ್ಲಿ ಕಲಿತ ನಾಲ್ಕು ಪಟ್ಟು. ಈ ಒಂದು ವಿಷಯದಲ್ಲಿ ಮಾವನೇ ಗೆದ್ದರು ಅಂತ ಒಪ್ಪಿಕೊಳ್ಳಬೇಕು.

ಹಾಗಾದ್ರೆ ಉಳಿಯೋದು ಏನು? ದೂರ. ಎದುರಿನವನ ಕೈ ಎಲ್ಲಿವರೆಗೆ ಬರುತ್ತೆ ಅನ್ನೋದು ಸ್ಪಾರಿಂಗ್, ಅಂದ್ರೆ ಜೊತೆಗಾರನ ಎದುರು ಅಭ್ಯಾಸದ ಕಾದಾಟ, ಮಾಡಿದವನ ಕಣ್ಣಿಗೆ ತಾನಾಗೇ ಗೊತ್ತಾಗುತ್ತೆ. ಒಂದು ಸಲ ದಸರಾ ಸಮಯದಲ್ಲಿ ದೇವರಾಜ ಅರಸು ರಸ್ತೆ ಕಡೆ ಗಾಡಿ ನಿಲ್ಲಿಸೋ ವಿಷಯಕ್ಕೆ ಒಬ್ಬರು ನನ್ನ ಮೇಲೆ ಬಂದರು. ನಾನು ಮುಷ್ಟಿ ಕಟ್ಟಲಿಲ್ಲ. ಎರಡೂ ಅಂಗೈ ಎದೆ ಎತ್ತರಕ್ಕೆ ಎತ್ತಿ ‘ಬಿಡಿ ಅಣ್ಣ, ತೆಗೀತೀನಿ’ ಅಂದೆ. ನೋಡುವವರಿಗೆ ಅದು ಸಮಾಧಾನ ಮಾಡೋ ಕೈ. ನನಗೆ ಅದು ಗಾರ್ಡ್, ಏಟು ತಡೆಯೋ ಭಂಗಿ. ಎಡಗಾಲು ಅರ್ಧ ಹೆಜ್ಜೆ ಮುಂದೆ, ಗಲ್ಲ ಸ್ವಲ್ಪ ಕೆಳಗೆ. ಅವರು ಬಲಗೈ ಅಗಲವಾಗಿ ಬೀಸಿದರು. ಬಾಕ್ಸಿಂಗ್ ಗೊತ್ತಿಲ್ಲದವರ ಏಟು ಹಾಗೇ, ಭುಜದ ಹಿಂದಿನಿಂದ ಹೊರಡುತ್ತೆ, ಬರೋದು ಮೊದಲೇ ಕಾಣುತ್ತೆ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ. ಅವರೇ ಮುಗ್ಗರಿಸಿದರು.

ತಿರುಗಿ ಒಂದು ಜಾಬ್, ಅಂದ್ರೆ ಮುಂದಿನ ಕೈಯ ನೇರ ಗುದ್ದು, ಬಿಡೋ ಜಾಗ ನಿಚ್ಚಳವಾಗಿ ತೆರೆದಿತ್ತು. ಆದ್ರೆ ಅಷ್ಟರಲ್ಲಿ ಅವರ ಸ್ನೇಹಿತ ಎಡಗಡೆಯಿಂದ ಬರುತ್ತಿದ್ದ. ರಿಂಗ್ ನನಗೆ ಒಬ್ಬನನ್ನೇ ನೋಡೋದು ಕಲಿಸಿದೆ. ಇಬ್ಬರನ್ನೂ ಒಂದೇ ಕಡೆ ಕಾಣೋ ಹಾಗೆ ಸುತ್ತು ಹಾಕಿ ನಿಂತೆ, ಬೆನ್ನಿಗೆ ಅಂಗಡಿ ಕಟ್ಟೆ ಸಿಗದ ಹಾಗೆ. ಅಂಗಡಿಯವರು ‘ಬಿಡ್ರಪ್ಪಾ, ಹಬ್ಬದ ದಿನ’ ಅಂತ ನಡುವೆ ಬಂದರು. ಅಷ್ಟೇ. ಮನೆಗೆ ಬಂದ ಮೇಲೆ ಕೈ ನಡುಗಿತು. ಎಷ್ಟು ಬೌಟ್ ಆಡಿದ್ದರೂ ಆ ನಡುಕ ಬರುತ್ತೆ. ಆದ್ರೆ ಆ ಕ್ಷಣದಲ್ಲಿ ಉಸಿರು ಕಟ್ಟಲಿಲ್ಲ. ಏಟು ತಿಂದು ಅಭ್ಯಾಸ ಇಲ್ಲದವರು ಗಾಬರಿಗೆ ಉಸಿರು ಹಿಡಿದುಬಿಡುತ್ತಾರೆ, ಅರ್ಧ ನಿಮಿಷಕ್ಕೆ ಸುಸ್ತು.

ಅಲ್ಲಿ ನಾನು ಹೊಡೆದು, ಅವರು ಹಿಂದಕ್ಕೆ ಬಿದ್ದು ತಲೆ ಕಲ್ಲಿಗೆ ತಾಗಿದ್ದರೆ? ರಿಂಗ್‌ನಲ್ಲಿ ಕ್ಯಾನ್ವಾಸ್ ಕೆಳಗೆ ಮೆತ್ತನೆ ಪದರ ಇರುತ್ತೆ, ಪಕ್ಕದಲ್ಲಿ ಡಾಕ್ಟರ್ ಇರುತ್ತಾರೆ. ಬೀದಿ ಜಗಳದಲ್ಲಿ ಜೀವ ತೆಗೆಯೋದು ಎಷ್ಟೋ ಸಲ ಗುದ್ದಲ್ಲ, ಆಮೇಲೆ ತಲೆಗೆ ತಾಗುವ ನೆಲ. ಕಾನೂನೂ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತೆ. ಇಬ್ಬರು ವಯಸ್ಕರು ಒಪ್ಪಿ, ನಿಯಮದ ಒಳಗೆ ಆಡುವಾಗ ಬಿದ್ದ ಪೆಟ್ಟು ಅಪರಾಧ ಅಲ್ಲ. ಹೊರಗಡೆ ಬೇಕಂತಲೇ ಯಾರದ್ದಾದರೂ ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 117ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು ಆಗಬಹುದು. ಆತ್ಮರಕ್ಷಣೆಯ ಹಕ್ಕು ಇದೆ, ಆದ್ರೆ ಅಪಾಯ ತಪ್ಪಿಸೋಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ. ಓಡಿ ಹೋಗುತ್ತಿರುವವನನ್ನು ಅಟ್ಟಿಸಿಕೊಂಡು ಹೊಡೆದರೆ ಆ ಹಕ್ಕಿನ ಮಾತು ನಡೆಯಲ್ಲ. ಪೊಲೀಸ್ ಕೆಲಸದ ಕನಸಿರೋ ಹುಡುಗರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಆದ್ದರಿಂದ ನನ್ನ ಹತ್ತಿರ ಮೊದಲ ತಿಂಗಳು ಬರೀ ಕಾಲಿನ ಕೆಲಸ. ಹುಡುಗರು ಗೊಣಗುತ್ತಾರೆ, ಗುದ್ದೋ ಬ್ಯಾಗ್ ಕಡೆ ನೋಡುತ್ತಾ ನಿಲ್ಲುತ್ತಾರೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಆಮೇಲೆ ಜಾಬ್. ಬೀದಿ ಜಗಳದ ಹುಡುಗ ಬಂದರೆ ಅವನನ್ನು ಬೇಗ ಸ್ಪಾರಿಂಗ್‌ಗೆ ಬಿಡೋದಿಲ್ಲ. ಬಿಟ್ಟಾಗಲೂ ನಿಧಾನಿ ಸೀನಿಯರ್ ಒಬ್ಬನ ಎದುರು. ಒಂದು ರೌಂಡ್ ಗಾಳಿಗೆ ಗುದ್ದಿ, ಎರಡನೇ ರೌಂಡ್‌ನಲ್ಲಿ ಕೈ ಎತ್ತೋಕಾಗದೆ ನಿಂತ ಮೇಲೆ ಅವನು ಕೇಳೋ ಪ್ರಶ್ನೆಯೇ ಬದಲಾಗುತ್ತೆ.

ಕಲಿಯೋಕೆ ಬರುವವರು ಗ್ಲೌಸ್‌ಗಿಂತ ಮೊದಲು ಒಂದು ಜೊತೆ ಬ್ಯಾಂಡೇಜ್, ಒಂದು ಮೌತ್‌ಗಾರ್ಡ್ ತಗೊಳ್ಳಿ. ಮೌತ್‌ಗಾರ್ಡ್ ಬಿಸಿನೀರಲ್ಲಿ ಮೆತ್ತಗೆ ಮಾಡಿ ನಿಮ್ಮ ಹಲ್ಲಿಗೆ ಒತ್ತಿಕೊಳ್ಳುವ ಥರದ್ದು ಸಾಕು. ಬೇರೆಯವರದ್ದು ಎರವಲು ಬೇಡ. ಸ್ಪಾರಿಂಗ್ ಆದ ಮೇಲೆ ತಲೆನೋವು, ವಾಂತಿ ಬಂದ ಹಾಗೆ, ಬೆಳಕು ಕಂಡರೆ ಕಿರಿಕಿರಿ ಇದ್ದರೆ ಕೋಚ್‌ಗೆ ಹೇಳಿ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಅನ್ನೋವರೆಗೆ ರಿಂಗ್ ಹತ್ತಬೇಡಿ. ಬ್ಯಾಗ್‌ಗೂ ಹೊಡೆಯೋದು ಬೇಡ.