ಪಾರ್ಕ್ ಉಳಿಸಿದ್ದು ಫ್ಲೆಕ್ಸ್ ಅಲ್ಲ, ಫೈಲು

ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅಂಗಡಿ ಕಟ್ಟಡ ಏಳುತ್ತೆ ಅಂತ ಗೊತ್ತಾದಾಗ ಸಂಘದವರು ಮೊದಲು ಮಾಡಿದ್ದು ಧರಣಿ. ಶಾಮಿಯಾನ, ಮೈಕು, ಫ್ಲೆಕ್ಸ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಟೀವಿಯವರು ಬಂದರು, ಎರಡು ದಿನ ಕೆಲಸ ನಿಂತಿತು. ಮತ್ತೆ ಜೆಸಿಬಿ ಬಂತು. ಆಮೇಲೆ ಸಹಿ ಸಂಗ್ರಹ. ಅದನ್ನು ತೆಗೆದುಕೊಂಡ ಕಚೇರಿಯವರು ಸೀಲು ಹಾಕಿ ಕೊಟ್ಟರು, ಅಷ್ಟೇ.

ಪಾರ್ಕಿನ ಜಾಗದ ಸರ್ಕಾರಿ ಫೈಲು ತೆಗೆಸೋಣ ಅಂದೆ. ‘ಅರ್ಜಿ ಹಾಕಿ ಯಾರು ಗೆದ್ದಿದ್ದಾರೆ ಬಿಡಿ ಸರ್’ ಅಂದರು ಸಂಘದವರು. ಗೆದ್ದವರಿದ್ದಾರೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ತೀರ್ಪನ್ನು ಪ್ರಿಂಟ್ ಹಾಕಿಸಿ ಸಭೆಯಲ್ಲಿ ಹಂಚಿದೆ. ಆಮೇಲೆ ನಾಲ್ಕು ಜನ ನನ್ನ ಜೊತೆ ಬಂದರು.

ಮಾಹಿತಿ ಹಕ್ಕಿನ ಮೊದಲ ಅರ್ಜಿ ವಾಪಸ್ ಬಂತು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು ಅನ್ನೋ ನಿಯಮ ಇದೆ. ಅದೇ ನೆಪ. ಹಾಗಾಗಿ ಅದನ್ನೇ ತುಂಡು ಮಾಡಿ, ಬೇರೆ ಬೇರೆ ಮನೆಯವರ ಹೆಸರಲ್ಲಿ, ತಲಾ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಹಾಕಿಸಿದೆವು. ಒಬ್ಬರಿಗೆ ಉತ್ತರ ಬರದಿದ್ದರೂ ಇನ್ನೊಬ್ಬರಿಗೆ ಬರುತ್ತೆ.

ಬಂದ ಬಡಾವಣೆ ನಕ್ಷೆ ಕಪ್ಪು-ಬಿಳುಪು ಜೆರಾಕ್ಸ್. ಅದರಲ್ಲಿ ಪಾರ್ಕೂ ಸಿಎ ಸೈಟೂ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ನಿವೇಶನ) ಒಂದೇ ಥರ ಬೂದು. ಇದು ಪಾರ್ಕಲ್ಲ ಅನ್ನೋ ಎದುರಿನವರ ವಾದ ನಿಂತಿದ್ದೇ ಈ ಬೂದು ಬಣ್ಣದ ಮೇಲೆ. ನಾನು ಬಿಡಲಿಲ್ಲ, ಕಡತ ಪರಿಶೀಲನೆಗೆ ಅರ್ಜಿ ಹಾಕಿ ಹೋಗಿ ಕೂತೆ. ಮೂಲ ಹಾಳೆ ಮಡಿಕೆಯಲ್ಲಿ ಹರಿದಿತ್ತು, ಅಂಚಿಗೆ ಸೆಲ್ಲೋಟೇಪ್ ಅಂಟಿಸಿದ್ದರು. ಆದರೆ ನಮ್ಮ ಜಾಗಕ್ಕೆ ಬಳಿದ ಪಾರ್ಕಿನ ಹಸಿರು ಹಾಗೇ ಇತ್ತು. ಬಣ್ಣದ ದೃಢೀಕೃತ ಪ್ರತಿ ಕೇಳಿ ಪಡೆದೆ. ದಯವಿಟ್ಟು ನೀವೂ ಬಣ್ಣದ್ದೇ ಕೇಳಿ.

ಫೈಲಿನಲ್ಲಿ ಅಧಿಕಾರಿಗಳು ಬರೆದ ಟಿಪ್ಪಣಿ ಹಾಳೆಗಳನ್ನು ನೋಡುವಾಗ ಇನ್ನೊಂದು ಲೋಪ ಸಿಕ್ಕಿತು. ಭೂ ಬಳಕೆ ಬದಲಾಯಿಸಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಪ್ರಕಾರ ಪತ್ರಿಕೆಯಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು ಅಲ್ವಾ? ಆ ಪತ್ರಿಕೆಯ ತುಣುಕು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಯಾವ ಶಾಖೆಯ ಫೈಲು, ಅದನ್ನು ಯಾವ ಹೆಸರಲ್ಲಿ ಕೇಳಬೇಕು ಅನ್ನೋದನ್ನು ಇಲ್ಲಿ ಬರೆಯಲ್ಲ. ಬಿಲ್ಡರುಗಳೂ ಓದುತ್ತಾರೆ.

ಮಧ್ಯೆ, ನಾವು ನಿಂತ ಜಾಗದ ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆಪ್ ಹಿಡಿದು ಪಾರ್ಕಿನ ಗಡಿ ಸುತ್ತಿದೆವು. ಹಿಂದಿನ ಗೋಡೆಯ ಹತ್ತಿರ ಕಾಲುವೆ ಗೆರೆ ಕಾಣಿಸಿತು! ಫೋನಿನ ಜಿಪಿಎಸ್ ಏಳೆಂಟು ಮೀಟರ್ ಆಚೀಚೆ ಹೋಗುತ್ತೆ, ಕೋರ್ಟಿನಲ್ಲಿ ನಿಲ್ಲಲ್ಲ. ಸರ್ವೆಗೆ ಅರ್ಜಿ ಹಾಕೋಕೆ ಸಾಕು.

ದುಡ್ಡಿನ ವಿಷಯ. ಮನೆಗೆ ಸಾವಿರ ಅಂತ ಇಟ್ಟೆವು, ಇನ್ನೂರು ಕೊಟ್ಟವರೂ ಇದ್ದಾರೆ. ಒಟ್ಟು ಒಂದೂಕಾಲು ಲಕ್ಷದ ಆಸುಪಾಸು. ವಕೀಲರಿಗೆ ಎಪ್ಪತ್ತು ಸಾವಿರ, ಪ್ರತಿ, ಟೈಪಿಂಗ್, ಓಡಾಟಕ್ಕೆ ಹದಿನೈದು. ಬಿಲ್ಲಿನ ಫೋಟೋ ಪ್ರತಿ ತಿಂಗಳೂ ಗ್ರೂಪಿಗೆ ಹಾಕುತ್ತಿದ್ದೆ. ಎರಡನೇ ಸಲ ಕೈ ಚಾಚಿದಾಗ ಜನ ಕೊಟ್ಟಿದ್ದು ಅದಕ್ಕೇ.

ಹೈಕೋರ್ಟಿನಲ್ಲಿ ಬಣ್ಣದ ನಕ್ಷೆ ಇಟ್ಟ ದಿನವೇ ತಡೆಯಾಜ್ಞೆ ಸಿಕ್ಕಿತು. ಕೆಲವು ತಿಂಗಳಲ್ಲಿ ಪರವಾನಗಿಯನ್ನೇ ಹಿಂತೆಗೆದುಕೊಂಡರು. ಉಳಿದ ದುಡ್ಡಿನಲ್ಲಿ ಬೇಲಿ ಹಾಕಿಸಿದ್ದೇವೆ. ಕಾಲುವೆ ಸರ್ವೆಯ ಅರ್ಜಿ ಇನ್ನೂ ತಾಲೂಕು ಕಚೇರಿಯಲ್ಲಿದೆ, ಪ್ರತಿ ಸೋಮವಾರ ನಮ್ಮಲ್ಲೊಬ್ಬರು ಹೋಗಿ ಕೇಳಿ ಬರುತ್ತಾರೆ.